ನೆಲ ಅಳೆದು ಹಂಚು ತರಬೇಡಿ

ಪ್ರಶ್ನೆ: ಮೇಸ್ತ್ರಿಗಳೇ, ನಮ್ಮ ಹಳೇ ಮನೆಯ ಮಾಡು ಬಿಚ್ಚಿ ಹೊಸದಾಗಿ ಮಂಗಳೂರು ಹಂಚು ಹೊದಿಸುತ್ತಿದ್ದೇವೆ. ಎರಡು ಇಳಿಜಾರಿನ ಮಾಡು. ಗೋಡೆಯ ಹೊರ ಅಳತೆ 30 ಅಡಿ, 24 ಅಡಿ. ನೆತ್ತಿಯ ಮರ ಗೋಡೆಗಿಂತ 9 ಅಡಿ ಮೇಲಿದೆ. ಸೂರು 2 ಅಡಿ ಹೊರಗೆ ಬರುತ್ತದೆ, ಪಕ್ಕಗಳಲ್ಲಿ ಒಂದೂವರೆ ಅಡಿ. ಚದರಕ್ಕೆ, ಅಂದರೆ ನೂರು ಚದರಡಿಗೆ, 150 ಹಂಚು ಅಂತ ಕೇಳಿದ್ದೇನೆ. 7.2 ಚದರಕ್ಕೆ 1080 ಸಾಕಲ್ವಾ? ಕೆಲಸದವರು 1700 ತನ್ನಿ ಅನ್ನುತ್ತಿದ್ದಾರೆ. ನಮಗೆ ಗೊತ್ತಾಗಲ್ಲ ಅಂತ ಜಾಸ್ತಿ ಹೇಳುತ್ತಿದ್ದಾರಾ?
– ಗೃಹಿಣಿ, ಬಾಳ್ಳುಪೇಟೆ

ಉತ್ತರ: ಇಲ್ಲ ಅಮ್ಮಾ. ಅವರ ಲೆಕ್ಕ ಸರಿಯಾಗಿದೆ. ನೀವು ಅಳೆದಿರೋದು ನೆಲ. ಹಂಚು ಕೂರೋದು ಇಳಿಜಾರಿನ ಮೇಲೆ.

ಒಂದು ಪಕ್ಕ ಮಾತ್ರ ನೋಡೋಣ. ಗೋಡೆಯಿಂದ ಮನೆಯ ನಡುಮಧ್ಯಕ್ಕೆ 12 ಅಡಿ, ಎತ್ತರ 9 ಅಡಿ. ಓರೆಯಾಗಿ ಟೇಪು ಹಿಡಿದರೆ 15 ಅಡಿ ಬರುತ್ತದೆ. ಬಡಗಿಗಳು ಮೂಲೆ ನೋಡುವ 3-4-5ರ ಲೆಕ್ಕವೇ ಇದು. 2 ಅಡಿ ಸೂರು ಓರೆಯಲ್ಲಿ ಎರಡೂವರೆ ಅಡಿಯಾಗುತ್ತದೆ. ಅಲ್ಲಿಗೆ ನೆತ್ತಿಯಿಂದ ಸೂರಿಗೆ ಇಳಿಯುವ ಮರದ, ಅಂದರೆ ಒಂದು ಪಕಾಸಿನ ಉದ್ದ ಹದಿನೇಳೂವರೆ ಅಡಿ. ಮಾಡಿನ ಉದ್ದವೂ 30 ಅಲ್ಲ, ಎರಡು ಪಕ್ಕದ ಚಾಚು ಸೇರಿ 33. ಎರಡೂ ಇಳಿಜಾರು ಸೇರಿದರೆ 1155 ಚದರಡಿ, ಅಂದರೆ ಹನ್ನೊಂದೂವರೆ ಚದರ. ನಿಮ್ಮ ಲೆಕ್ಕಕ್ಕೆ ಸಿಗದೆ ಹೋಗಿದ್ದು ನಾಲ್ಕು ಚದರಕ್ಕೂ ಜಾಸ್ತಿ.

ಇಷ್ಟಾದ ಮೇಲೂ ಚದರದ ಲೆಕ್ಕ ನಂಬಿ ದುಡ್ಡು ಕಟ್ಟಬೇಡಿ. ಅಂಗಡಿಯಿಂದ ಇಪ್ಪತ್ತು ಹಂಚು ತರಿಸಿ, ಅಂಗಳದಲ್ಲಿ ಎರಡು ರೀಪು (ಹಂಚು ಕೂರುವ ಅಡ್ಡ ಮರದ ಪಟ್ಟಿ) ಇಟ್ಟು ಹತ್ತು ಹಂಚು ಸಾಲಾಗಿ ಜೋಡಿಸಿ. ಒಂದು ಹಂಚು ಇನ್ನೊಂದಕ್ಕೆ ಸಿಕ್ಕಿ ಕೂರುವ ಕಚ್ಚಿನಲ್ಲಿ ಸ್ವಲ್ಪ ಆಟ ಇರುತ್ತದೆ. ಒಮ್ಮೆ ಒತ್ತಿ ಅಳೆಯಿರಿ, ಒಮ್ಮೆ ಎಳೆದು ಅಳೆಯಿರಿ, ಎರಡರ ನಡುವಿನ ಅಳತೆ ಹಿಡಿಯಿರಿ. ಸಾಮಾನ್ಯವಾಗಿ ಒಂದು ಹಂಚು ಅಗಲಕ್ಕೆ ಎಂಟೂಕಾಲು ಇಂಚು, ಉದ್ದಕ್ಕೆ ಹನ್ನೆರಡೂವರೆ ಇಂಚು ಜಾಗ ಮುಚ್ಚುತ್ತದೆ. ಆ ಅಳತೆಗೆ ನಿಮ್ಮ ಮಾಡಿನಲ್ಲಿ ಸಾಲಿಗೆ 48 ಹಂಚು, ಒಂದು ಇಳಿಜಾರಿಗೆ 17 ಸಾಲು. ಎರಡೂ ಕಡೆ ಸೇರಿ 1632. ಸಾಗಿಸುವಾಗ, ಮೇಲೆ ಹತ್ತಿಸುವಾಗ ಒಡೆಯೋದಕ್ಕೆ ನೂರಕ್ಕೆ ಐದು ಸೇರಿಸಿದರೆ 1714. ಕೆಲಸದವರು ಹೇಳಿದ್ದು ಇದನ್ನೇ. ನೆತ್ತಿಗೆ ಹಾಕುವ ಹಂಚು ಬೇರೆ. ಅದು ಅಡಿಗೊಂದು ಅಂತ ಹಿಡಿದು 36 ತನ್ನಿ, ಕಡಿಮೆ ಬೀಳಲ್ಲ.

ಇನ್ನು ಮರ. ರೀಪು ಸಾಲಿಗೊಂದು, ಸೂರಿನ ತುದಿಗೆ ಇನ್ನೊಂದು. ಒಂದು ಪಕ್ಕಕ್ಕೆ 18, ಒಟ್ಟು 1188 ಅಡಿ. ಜೋಡಣೆಗೂ ಕತ್ತರಿಕೆಗೂ ಸೇರಿ 1250 ಅಡಿ ಹೇಳಿ. ಪಕಾಸು ಎರಡಡಿಗೊಂದು ಅಂದರೆ ಪಕ್ಕಕ್ಕೆ 18, ಒಟ್ಟು 36. ಹಳೇ ಪಕಾಸು ಉಳಿಸಿಕೊಳ್ಳುವ ಯೋಚನೆ ಇದ್ದರೆ ಗೋಡೆ ಮೇಲೆ ಕೂರುವ ಜಾಗದಲ್ಲಿ ಉಳಿ ಚುಚ್ಚಿ ನೋಡಿ. ಗೆದ್ದಲು ಮೊದಲು ತಿನ್ನೋದು ಅಲ್ಲೇ. ಹಂಚು ಒಂದೊಂದೂ ಎರಡೂವರೆ ಕೆಜಿ ಅಂದರೂ 1632 ಹಂಚು ನಾಲ್ಕು ಟನ್ನು. ಮಳೆಗೆ ನೆನೆದರೆ ಇನ್ನೂ ಭಾರ.

ನಿಮಗೆ ಒತ್ತಿ ಹೇಳಬೇಕಾದ್ದು ಇನ್ನೊಂದಿದೆ. ಎಲ್ಲ ಹಂಚೂ ಒಂದೇ ಸಲ, ಒಂದೇ ಅಚ್ಚಿನದು ಬರಲಿ. ನಾನು ಕೆಲಸ ಕಲಿಯುತ್ತಿದ್ದಾಗ ಮೂಡಿಗೆರೆ ಹತ್ತಿರದ ನಮ್ಮ ಮನೆಗೇ ಹಂಚು ಹೊದಿಸಿದೆವು. ಸೂರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೆಳಗಿನಿಂದ ಹೊದಿಸುತ್ತಾ ಹೋಗಿ, ನೆತ್ತಿಗೆ ಮೂರು ಸಾಲು ಇದೆ ಅನ್ನುವಾಗ ಹಂಚು ಮುಗಿಯಿತು. ಆಗಲೇ ಜೂನ್ ಬಂದಿತ್ತು. ಆತುರಕ್ಕೆ ಇನ್ನೊಂದು ಕಾರ್ಖಾನೆಯ ಹಂಚು ತಂದೆವು. ಕೈಯಲ್ಲಿ ಹಿಡಿದರೆ ಎರಡೂ ಒಂದೇ ಥರ. ಮೇಲಿಟ್ಟರೆ ಕಚ್ಚು ಕೂರಲಿಲ್ಲ. ಪ್ರತಿ ಹಂಚೂ ಒಂದು ಮೂಲೆಯಲ್ಲಿ ಅರ್ಧ ಬೆರಳು ಎದ್ದೇ ನಿಂತಿತು. ಗಾಳಿ ಮಳೆಗೆ ನೀರು ಒಳಗೆ ಹೊಡೆಯಿತು. ಆ ಮಳೆಗಾಲ ಪೂರ್ತಿ ಅಮ್ಮ ಒಲೆಯ ಪಕ್ಕ ಎರಡು ಪಾತ್ರೆ ಇಟ್ಟುಕೊಂಡೇ ಅಡುಗೆ ಮಾಡಿದರು. ಆ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಅದಕ್ಕೇ ಇಷ್ಟು ಹೇಳುತ್ತಿರೋದು. ಮಾಡು ಮುಗಿದ ಮೇಲೂ ಐವತ್ತು ಹಂಚು ಕೊಟ್ಟಿಗೆಯಲ್ಲಿ ಇರಲಿ. ನಮ್ಮ ಕಡೆ ಮಂಗಗಳ ಕಾಟ ನಿಮಗೆ ಗೊತ್ತೇ ಇದೆ.

ಬಿಚ್ಚಿದ ಹಳೇ ಹಂಚನ್ನು ಸುಮ್ನೆ ಗುಂಡಿಗೆ ಹಾಕಬೇಡಿ. ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಗಟ್ಟಿ ಇದೆ, ದನದ ಕೊಟ್ಟಿಗೆಗೆ ಆಗುತ್ತದೆ. ಹಿಂಬದಿ ಮುದ್ರೆಯನ್ನೂ ನೋಡಿ. 1865 ಅಂತ ಇದ್ದರೆ ಅದು ಆ ಹಂಚು ಸುಟ್ಟ ವರ್ಷ ಅಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ನೇತ್ರಾವತಿ ದಂಡೆಯ ಮೇಲೆ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಅಂಥವು ಸಿಕ್ಕರೆ ಬೇರೆ ಎತ್ತಿಡಿ.

ಪ್ರಶ್ನೆ: ಮನೆ ಮುಂದಿನ ಜಗಲಿಗೆ ಬಣ್ಣದ ಶೀಟು ಹಾಕಿಸಬೇಕು. ಉದ್ದ 20 ಅಡಿ. ಶೀಟಿನ ಅಗಲ ಮೂರೂವರೆ ಅಡಿ. ಆರು ಶೀಟು ಸಾಕಾ?
– ಓದುಗರು, ಅರಸೀಕೆರೆ

ಉತ್ತರ: ಸಾಲಲ್ಲ. ಶೀಟಿನ ಅಂಚು ಪಕ್ಕದ ಶೀಟಿನ ಮೇಲೆ ಒಂದು ಉಬ್ಬಿನಷ್ಟು ಕೂರಬೇಕು. ಅದು ಹೋದರೆ ಉಳಿಯೋದು ಹೆಚ್ಚೂಕಡಿಮೆ ಮೂರೂಕಾಲು ಅಡಿ. ಆರು ಶೀಟು ಹಾಕಿದರೆ ಕೊನೆಗೆ ಅರ್ಧ ಅಡಿ ತೆರೆದೇ ಇರುತ್ತದೆ. ಏಳು ತನ್ನಿ, ಮಿಕ್ಕಿದ್ದನ್ನು ಪಕ್ಕಕ್ಕೆ ಚಾಚಿ ಬಿಡಿ, ಎರಚಲು ತಡೆಯುತ್ತದೆ. ಶೀಟಿನ ಉದ್ದವನ್ನು ಕಬ್ಬಿಣದ ಚೌಕಟ್ಟು ನಿಲ್ಲಿಸಿದ ಮೇಲೆ, ಅದರ ಮೇಲೇ ಟೇಪು ಹಿಡಿದು ಹೇಳಿ.