ಧಾರೆಯ ಹೊತ್ತಿಗೆ ಅಮ್ಮ ಎಲ್ಲಿರಬೇಕು?

ಪ್ರಶ್ನೆ: ನನಗೆ 28 ವರ್ಷ. ಊರು ಕಾಸರಗೋಡಿನ ಮುಳ್ಳೇರಿಯಾ ಹತ್ತಿರ, ಕೆಲಸ ದುಬೈಯಲ್ಲಿ. ಜನವರಿಯಲ್ಲಿ ಮದುವೆ, ಹುಡುಗ ಪುತ್ತೂರಿನವರು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಅಮ್ಮ ದನ ಸಾಕಿ, ಸೊಸೈಟಿಗೆ ಹಾಲು ಹಾಕಿ ಮನೆ ನಡೆಸಿದರು. ನನ್ನ ಕಾಲೇಜಿನ ಫೀಸು ಕಟ್ಟಿದ್ದು ದೊಡ್ಡಪ್ಪ. ಈಗ ದೊಡ್ಡಪ್ಪ ಹೇಳುತ್ತಾರೆ, ಧಾರೆ ಎರೆಯುವುದು ಅವರು ಮತ್ತು ದೊಡ್ಡಮ್ಮ, ಆ ಹೊತ್ತಿಗೆ ಅಮ್ಮ ಮಂಟಪದ ಹತ್ತಿರ ಬರಬಾರದು ಅಂತ. ಅಮ್ಮನೂ "ಬೇಡ ಮಗಾ, ನಾನು ಒಳಗಿರ್ತೇನೆ, ನಿಂಗೆ ಒಳ್ಳೇದಾಗ್ಲಿ" ಅನ್ನುತ್ತಾರೆ. ನಾನು ಪ್ರತಿ ವರ್ಷ ರಜೆ ಹಾಕಿ ತರವಾಡಿನ, ಅಂದರೆ ನಮ್ಮ ಮೂಲಮನೆಯ, ದೈವಗಳ ಹಬ್ಬ ಕಳಿಯಾಟಕ್ಕೆ ಬರುವವಳು. ಅಲ್ಲಿ ಬಣ್ಣ ಹಾಕಿ ಕುಣಿಯುವ ದೈವದ, ತೆಯ್ಯದ, ವೀಡಿಯೋ ತೋರಿಸಿ ಜಂಬ ಪಡುವವಳು. ರೂಮಿನ ಗೆಳತಿ ಕೇಳಿದಳು, "ಅದು ನಿಮ್ಮದಾದರೆ ಇದೂ ನಿಮ್ಮದೇ ಅಲ್ವಾ? ಬೇಕಾದ್ದನ್ನು ಮಾತ್ರ ಹೇಗೆ ಇಟ್ಟುಕೊಳ್ಳುತ್ತೀ?" ಉತ್ತರ ಹೊಳೆಯಲಿಲ್ಲ. ಸುಮ್ನೆ ರಿಜಿಸ್ಟರ್ ಮದುವೆ ಮಾಡಿಕೊಂಡು ಎಲ್ಲವನ್ನೂ ಬಿಟ್ಟುಬಿಡಲಾ?

ಉತ್ತರ: ಮಗಳೇ, "ನೀನು" ಎಂದೇ ಬರೆಯುತ್ತೇನೆ. ನನ್ನ ಕಿರಿ ಮಗಳದ್ದೂ ನಿನ್ನದೇ ವಯಸ್ಸು.

ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲಿ ಅಜ್ಜಿಯ ತಂಗಿಯೊಬ್ಬರಿದ್ದರು. ಹದಿನೈದು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಮನೆಯ ಮದುವೆಗಳಿಗೆಲ್ಲ ಹೂರಣ ಅರೆಯುವುದು ಅವರೇ. ಹೊರಗೆ ವಾಲಗ ಜೋರಾದರೆ ಧಾರೆ ಅಂತ ಗೊತ್ತಾಗುತ್ತಿತ್ತು. ಆಗ ಅವರು ಅರೆಯುವುದನ್ನು ನಿಲ್ಲಿಸಿ, ಅಡುಗೆಮನೆ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಆ ಕಿಟಕಿಯಿಂದ ಚಪ್ಪರ ಕಾಣುವುದೇ ಇಲ್ಲ, ಕಾಣುವುದು ಬಚ್ಚಲಿನ ಗೋಡೆ. ಆದರೂ ನಿಲ್ಲುತ್ತಿದ್ದರು. ವಾಲಗ ನಿಂತ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಕಲ್ಲಿನ ಹತ್ತಿರ ಬಂದು ಕೂರುತ್ತಿದ್ದರು.

ನಿನ್ನ ಅಮ್ಮನ "ನಾನು ಒಳಗಿರ್ತೇನೆ" ಓದಿದಾಗ ನನಗೆ ಕಂಡದ್ದು ಆ ಕಿಟಕಿ.

ತಲೆ ಬೋಳಿಸುವುದನ್ನೂ ಆಗ ಪದ್ಧತಿ ಅಂತಲೇ ಹೇಳುತ್ತಿದ್ದರು. ಈಗ ನಿನ್ನ ದೊಡ್ಡಪ್ಪನನ್ನೇ ಕೇಳಿ ನೋಡು, "ಛೆ, ಅದೆಲ್ಲ ಹಿಂದಿನ ಕಾಲದ್ದು" ಅಂತಾರೆ. ಅದು ಹೋಯಿತು ಅಂತ ಯಾವ ಮದುವೆಯೂ ನಿಂತಿಲ್ಲ. ದಿನಗಟ್ಟಲೆ ನಡೆಯುತ್ತಿದ್ದ ಮದುವೆ ಹಾಲ್‌ನಲ್ಲಿ ಅರ್ಧ ದಿನಕ್ಕೆ ಮುಗಿಯುತ್ತದೆ. ಎಲೆ ಹಾಕಿ ಬಡಿಸುತ್ತಿದ್ದವರು ಬಫೆ ಇಡುತ್ತಾರೆ. ಮೆಹೆಂದಿ, ಹಳದಿ ಯಾವ ಹಿರಿಯರು ಮಾಡಿಟ್ಟದ್ದು? ನನ್ನ ಮದುವೆಯಲ್ಲಂತೂ ಇರಲಿಲ್ಲ. ಮಂಟಪದ ಮೇಲೆ ಡ್ರೋನ್ ಹಾರಬಹುದು, ಹೆತ್ತವಳು ಮಾತ್ರ ಹತ್ತಿರ ಬರಬಾರದು!

ಇನ್ನು ನಿನ್ನ ಗೆಳತಿಯ ಪ್ರಶ್ನೆ. ಕಳಿಯಾಟಕ್ಕೆ ಬರುವವಳು ನೀನು, ಪೊಟ್ಟನ್ ತೆಯ್ಯಂ ನೋಡಿರುತ್ತೀ. ದಾರಿ ಬಿಡು ಎಂದ ಶಂಕರಾಚಾರ್ಯರನ್ನು ತಡೆದು ನಿಂತ ಚಂಡಾಲನ ಕಥೆ ಅದು. ಆ ರೂಪದಲ್ಲಿ ಬಂದವನು ಶಿವನೇ ಅಂತ ನಂಬಿಕೆ. ಕೆಂಡದ ರಾಶಿಯ ಮೇಲೆ ಮಲಗಿ, ತಮಾಷೆ ಮಾಡುತ್ತಲೇ ಕೇಳುತ್ತದೆ, ನಿನ್ನ ನೆತ್ತರಿಗೂ ನನ್ನ ನೆತ್ತರಿಗೂ ಏನು ವ್ಯತ್ಯಾಸ ಅಂತ. ಪದ್ಧತಿಯನ್ನು ಪ್ರಶ್ನಿಸುವುದೂ ನಮ್ಮೂರಿನ ಪದ್ಧತಿಯೇ. ಅದಕ್ಕೆ ನಾವು ಕೈ ಮುಗಿಯುತ್ತೇವೆ. ಹಾಗಂತ ಆ ಅಂಗಳದಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ಬಣ್ಣ ಹಾಕಿದವರ ಎದುರು ಕೈ ಮುಗಿದು ನಿಲ್ಲುವ ನಾವು, ಬಣ್ಣ ಅಳಿಸಿದ ಮೇಲೆ ಅವರನ್ನು ಎಲ್ಲಿ ಕೂರಿಸುತ್ತೇವೆ? ಅದನ್ನು ಇನ್ನೊಂದು ವಾರ ಬರೆಯುತ್ತೇನೆ.

ಕನ್ನಡ ಕಲಿಸಿದವಳಾದ್ದರಿಂದ ಇನ್ನೊಂದು ಮಾತು. ಮಂಜೇಶ್ವರದ ಗೋವಿಂದ ಪೈಗಳು ನೂರು ವರ್ಷದ ಹಿಂದೆಯೇ ಪದ್ಯದಲ್ಲಿ ಪ್ರಾಸ ಬಿಟ್ಟರು. ಪಂಡಿತರು ಸಿಟ್ಟಾದರು. ಕನ್ನಡ ಕವಿತೆ ಸತ್ತಿತಾ? ಪೈಗಳೇನು ಕವಿತೆಯನ್ನೇ ಬಿಟ್ಟು ಎದ್ದು ಹೋಗಲಿಲ್ಲ, ನೋಡು. ನೀನೂ ರಿಜಿಸ್ಟರ್ ಆಫೀಸಿಗೆ ಓಡಬೇಡ. ನಿನಗೆ ಧಾರೆ ಬೇಕು. ಪತ್ರದ ತುಂಬ ಅದೇ ಇದೆ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಬಂದಾಗ ನಾನು ನೋಡುವುದು, ಖರ್ಚು ಯಾರ ತಲೆಗೆ ಬೀಳುತ್ತದೆ ಅಂತ. ಕಳಿಯಾಟಕ್ಕೆ ಎಲ್ಲರೂ ವಂತಿಗೆ ಹಾಕುತ್ತಾರೆ. ಈ ಪದ್ಧತಿಗೆ ವಂತಿಗೆ ನಿನ್ನ ಅಮ್ಮ ಒಬ್ಬರದ್ದೇ. ಅಮ್ಮ ಹೋಗಿ ಅಪ್ಪ ಉಳಿದಿದ್ದರೆ, ಅಪ್ಪನನ್ನು ಉಗ್ರಾಣದಲ್ಲಿ ಕೂರಿಸುತ್ತಿದ್ದರಾ?

ಕಷ್ಟ ಇರುವುದು ದೊಡ್ಡಪ್ಪನ ಮಾತಿನಲ್ಲಿ ಅಲ್ಲ, ಅಮ್ಮನ "ಬೇಡ"ದಲ್ಲಿ. ಅವರಿಗೆ ನಿಜವಾಗಿ ಹೆದರಿಕೆ ಇದೆ. ನಾಳೆ ನಿನಗೆ ಒಂದು ಜ್ವರ ಬಂದರೂ "ನನ್ನಿಂದಲೇ" ಅಂದುಕೊಳ್ಳುವ ಹೆದರಿಕೆ. ಇದನ್ನು ವಾಟ್ಸಾಪ್ ಕಾಲ್‌ನಲ್ಲಿ ವಾದ ಮಾಡಿ ಗೆಲ್ಲಲು ಹೋಗಬೇಡ. ಊರಿಗೆ ಬಾ. ಅಮ್ಮ ಹಟ್ಟಿಯಲ್ಲಿ ಹಾಲು ಕರೆಯುವಾಗ ಪಕ್ಕದಲ್ಲಿ ಕೂತು ಕೇಳು. "ಮಂಟಪಕ್ಕೆ ಬರ್ತೀಯಾ" ಅಂತ ಕೇಳಿದರೆ ಅದೇ "ಬೇಡ" ಬರುತ್ತದೆ. "ನೀನಿಲ್ಲದೆ ಕೂತರೆ ನಂಗೆ ಅಳು ಬರ್ತದಮ್ಮ, ಏನು ಮಾಡ್ಲಿ" ಅಂತ ಕೇಳು. ಅದು ಸುಳ್ಳಲ್ಲವಲ್ಲ. ಆಮೇಲೆ ಸುಮ್ಮನಿರು. ಎರಡು ದಿನ ಬೇಕಾದರೂ ಬೇಕಾಗಬಹುದು.

ಅಮ್ಮ ಒಪ್ಪಿದ ಮೇಲೆ ಉಳಿದದ್ದು ಸುಲಭ. ಹುಡುಗನ ಹತ್ತಿರ ಹೇಳು, ಅವನು ಅವನ ಮನೆಯಲ್ಲಿ ಮಾತಾಡಲಿ. "ನಮಗೇನೂ ತೊಂದರೆ ಇಲ್ಲ" ಅಂತ ಗಂಡಿನ ಕಡೆಯಿಂದ ಒಂದು ಮಾತು ಬಂದರೆ ನಿನ್ನ ಕಡೆಯ ಅರ್ಧ ಬಾಯಿ ಮುಚ್ಚುತ್ತದೆ. (ಅವನು ಈ ಒಂದು ಮಾತಿಗೇ ಹಿಂಜರಿದರೆ, ನನಗೆ ಇನ್ನೊಂದು ಪತ್ರ ಬರಿ.) ಭಟ್ಟರ ಹತ್ತಿರ ಒಂದು ತಿಂಗಳು ಮೊದಲೇ ಹೋಗಿ. ಮುಹೂರ್ತದ ಹೊತ್ತಿಗೆ ಮಂಟಪದಲ್ಲಿ ಚರ್ಚೆ ಬೇಡವೇ ಬೇಡ.

ದೊಡ್ಡಪ್ಪನ ಮನೆಗೆ ನೀನೇ ಹೋಗಬೇಕು. ಅವರು ಕೆಟ್ಟವರಲ್ಲ, ನಿನಗೆ ಫೀಸು ಕಟ್ಟಿದವರು. ಅವರ ಜಾಗ ಕಿತ್ತುಕೊಳ್ಳಬೇಡ. ಧಾರೆ ನೀವೇ ಎರೆಯಿರಿ, ಆದರೆ ಗಿಂಡಿ ಹಿಡಿದ ನಿಮ್ಮ ಕೈ ಜೊತೆ ಅಮ್ಮನ ಕೈಯೂ ಇರಲಿ ಅಂತ ಕೇಳು. ಅಪಶಕುನದ ಮಾತೆತ್ತಿದರೆ ಕುದ್ರೋಳಿಯನ್ನು ನೆನಪಿಸು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಮಂಗಳೂರಿನ ಆ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ಮಾಡಿದರು. ಅವರ ಕೈಯ ಮಂಗಳಾರತಿ ದೇವರಿಗೆ ಆಗುತ್ತದೆ, ಹೆತ್ತವಳ ಕೈಯ ನೀರು ಮಗಳಿಗೆ ಆಗುವುದಿಲ್ಲವಾ?

ಇಷ್ಟಾದ ಮೇಲೂ ಅಮ್ಮ "ಬೇಡ" ಅಂದರೆ ಎಳೆದು ತರಬೇಡ. ಊರಿಗೆ ತೋರಿಸಲಿಕ್ಕೆ ಅವರನ್ನು ಮಂಟಪ ಹತ್ತಿಸಿದರೆ ಅದೂ ಒಂದು ತರದ ಹಿಂಸೆಯೇ. ಆದರೆ ಅಡುಗೆಕೋಣೆಗೆ ಮಾತ್ರ ಬಿಡಬೇಡ. ಮುಂದಿನ ಸಾಲಿನ ನಡುವಿನ ಕುರ್ಚಿ ಅವರದ್ದು. ಧಾರೆ ಆದ ತಕ್ಷಣ ಇಬ್ಬರೂ ಇಳಿದು ಬಂದು ಮೊದಲು ಅವರ ಕಾಲಿಗೇ ಬೀಳಿ.

ಮದುವೆ ಜವಳಿ ತೆಗೆಯಲು ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗು. ಅಂಗಡಿಯವನು ಅವರ ಹಣೆ ನೋಡಿ ಬೂದಿ ಬಣ್ಣದ ಸೀರೆಗಳನ್ನು ಬಿಚ್ಚಿ ಹಾಕುತ್ತಾನೆ. ಅದನ್ನೆಲ್ಲ ಪಕ್ಕಕ್ಕಿಡಲು ಹೇಳಿ, ಮೇಲಿನ ಕಪಾಟಿನದ್ದನ್ನು ಇಳಿಸಲು ಹೇಳು.