ಸಂರಕ್ಷಣಾ ಸಮಿತಿಯ ಸದಸ್ಯತ್ವ: ಅವಧಿ ಮುಗಿದರೆ ಮರುನೇಮಕ ತಾನಾಗಿ ಆಗುವುದೇ?

ಪ್ರಶ್ನೆ: ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ನೆಲೆಸಿದ್ದೇನೆ. ಮೂರು ವರ್ಷಗಳಿಂದ ಊರಿನ ಕಮ್ಯುನಿಟಿ ಪ್ರಿಸರ್ವೇಶನ್ ಸಮಿತಿಯಲ್ಲಿ ನಿವಾಸಿಗಳ ಪರವಾದ ಸದಸ್ಯೆಯಾಗಿ, ಸಂಬಳವಿಲ್ಲದೆ ದುಡಿಯುತ್ತಿದ್ದೇನೆ. ಕಳೆದ ವರ್ಷ ಹಳೆಯ ಪುರಭವನದ ಅಟ್ಟ ಹತ್ತಿದಾಗ, ವಾಸ್ತುಶಿಲ್ಪಿ ತೊಲೆಗೆ ಚುಚ್ಚಿದ ಚಾಕು ಹಿಡಿಯವರೆಗೂ ಇಳಿದದ್ದನ್ನು ಕಣ್ಣಾರೆ ಕಂಡೆ. ಆ ಭವನದ ಜೀರ್ಣೋದ್ಧಾರ ಮುಗಿಯುವವರೆಗಾದರೂ ಸಮಿತಿಯಲ್ಲಿರಬೇಕೆಂಬ ಆಸೆ. ಜೂನ್ 30ಕ್ಕೆ ನನ್ನ ಅವಧಿ ಮುಗಿಯುತ್ತದೆ. ಬೇಡವೆಂದು ನಾನು ಹೇಳದಿದ್ದರೆ ಸದಸ್ಯತ್ವ ಮುಂದುವರಿಯುವುದೇ? ಯೋಜನಾ ಮಂಡಳಿಯಿಂದ ಬಂದಿರುವ ಸಹಸದಸ್ಯರಿಗೂ ಇದೇ ನಿಯಮವೇ?

ಉತ್ತರ: ನೀವು ಸುಮ್ಮನಿದ್ದೀರೆಂಬ ಕಾರಣಕ್ಕೆ ಇನ್ನೊಂದು ಪೂರ್ಣಾವಧಿ ನಿಮ್ಮದಾಗುವುದಿಲ್ಲ. ನೇಮಿಸುವ ಅಧಿಕಾರವುಳ್ಳವರು ಹೊಸದಾಗಿ ನಿರ್ಣಯ ಮಾಡಬೇಕು. ನಮ್ಮ ಕಡೆಯ ಸಂಘಸಂಸ್ಥೆಗಳ ವಾರ್ಷಿಕ ಸಭೆಯಲ್ಲಿ ‘ಹಳಬರೇ ಮುಂದುವರಿಯಲಿ’ ಎಂದು ಯಾರೋ ಹೇಳಿ, ಉಳಿದವರು ಚಪ್ಪಾಳೆ ತಟ್ಟಿ ಮುಗಿಸುವ ರೂಢಿಯನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ.

ಈ ಸಮಿತಿಗಳು ಹುಟ್ಟಿದ್ದು ಮ್ಯಾಸಚೂಸೆಟ್ಸ್ 2000ದಲ್ಲಿ ತಂದ ಕಮ್ಯುನಿಟಿ ಪ್ರಿಸರ್ವೇಶನ್ ಕಾಯ್ದೆಯಿಂದ. ಅದನ್ನು ಒಪ್ಪಿಕೊಂಡ ಊರು ಆಸ್ತಿ ತೆರಿಗೆಯ ಮೇಲೆ ಶೇ 3ರವರೆಗೆ ಹೆಚ್ಚುವರಿ ತೆರಿಗೆ ಹಾಕಿ, ರಾಜ್ಯದ ನಿಧಿಯಿಂದ ಬರುವ ಪಾಲನ್ನೂ ಸೇರಿಸಿ, ಬಯಲುಭೂಮಿ, ಐತಿಹಾಸಿಕ ಕಟ್ಟಡ, ಕೈಗೆಟುಕುವ ವಸತಿ ಮತ್ತು ಮನರಂಜನಾ ತಾಣಗಳಿಗೆ ವೆಚ್ಚ ಮಾಡುತ್ತದೆ. ಸಮಿತಿಯಲ್ಲಿ ಐದರಿಂದ ಒಂಬತ್ತು ಸದಸ್ಯರಿರಬೇಕು. ಅವಧಿ ಎಷ್ಟು, ನೇಮಕವೋ ಚುನಾವಣೆಯೋ ಎಂಬುದನ್ನು ಕಾಯ್ದೆಯು ಊರಿನ ಬೈಲಾಕ್ಕೆ ಬಿಟ್ಟಿದೆ. ಆದ್ದರಿಂದ ನೀವು ಮೊದಲು ತೆರೆಯಬೇಕಾದದ್ದು ನಿಮ್ಮೂರಿನ ಬೈಲಾವನ್ನೇ. ನಿವಾಸಿ ಸದಸ್ಯರನ್ನು ನೇಮಿಸುವವರು ಊರಿನ ಆಡಳಿತ ನಡೆಸುವ ಚುನಾಯಿತ ಸೆಲೆಕ್ಟ್ ಬೋರ್ಡೋ, ಊರಿನ ಮತದಾರರ ಸಭೆಯಾದ ಟೌನ್ ಮೀಟಿಂಗನ್ನು ನಡೆಸಿಕೊಡುವ ಮಾಡರೇಟರೋ, ಸತತವಾಗಿ ಎಷ್ಟು ಅವಧಿ ಇರಬಹುದು, ಉತ್ತರಾಧಿಕಾರಿ ಬರುವವರೆಗೆ ಹಿಂದಿನವರು ಮುಂದುವರಿಯಬಹುದೆಂಬ ಮಾತು ಇದೆಯೇ ಎಂಬ ಮೂರು ಸಂಗತಿಗಳನ್ನು ಅದರಲ್ಲಿ ಹುಡುಕಿ. ಈ ಮೂರನೆಯ ಸಂಗತಿ ಅಲ್ಲಿ ಇಲ್ಲದಿದ್ದರೆ, ಊರಿನ ವಕೀಲರನ್ನು ಕೇಳದೆ ಜುಲೈ ಸಭೆಯಲ್ಲಿ ಮತ ಹಾಕಬೇಡಿ.

ನಿಮ್ಮ ಸಹಸದಸ್ಯರ ಸ್ಥಿತಿ ಬೇರೆ. ಭೂಸಂರಕ್ಷಣಾ ಆಯೋಗ, ಇತಿಹಾಸ ಆಯೋಗ, ಯೋಜನಾ ಮಂಡಳಿ, ಉದ್ಯಾನ ಮಂಡಳಿ, ವಸತಿ ಪ್ರಾಧಿಕಾರ ಈ ಐದರಿಂದಲೂ ತಲಾ ಒಬ್ಬರು ಇರಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ಸದಸ್ಯರನ್ನು ಆಯಾ ಮಂಡಳಿಯೇ ಹೆಸರಿಸಬೇಕು. ಅಂದರೆ ಆ ಕುರ್ಚಿ ಯೋಜನಾ ಮಂಡಳಿಯದು, ಅದರಲ್ಲಿ ಕುಳಿತವರದಲ್ಲ. ಅವರು ಯೋಜನಾ ಮಂಡಳಿಯಿಂದಲೇ ಹೊರಬಂದರೆ ಎಷ್ಟೇ ಅನುಭವವಿದ್ದರೂ ಆ ಸ್ಥಾನದಲ್ಲಿ ಉಳಿಯಲಾಗದು. ಬೇಕಿದ್ದರೆ, ಖಾಲಿಯಾದಾಗ ನಿಮ್ಮಂತೆ ನಿವಾಸಿ ಸ್ಥಾನಕ್ಕೆ ಅರ್ಜಿ ಹಾಕಬಹುದು.

ಇದನ್ನೆಲ್ಲ ಕಾಗದದ ಶಾಸ್ತ್ರವೆಂದು ಹಗುರವಾಗಿ ಕಾಣುವವರು ಈ ಸಮಿತಿಯ ಕೈಯಲ್ಲಿರುವ ಅಧಿಕಾರವನ್ನು ನೆನೆಯಬೇಕು. ಸಮಿತಿ ಶಿಫಾರಸು ಮಾಡದ ಕಾಮಗಾರಿಗೆ ಟೌನ್ ಮೀಟಿಂಗ್ ಈ ನಿಧಿಯಿಂದ ಒಂದು ಡಾಲರನ್ನೂ ಕೊಡಲಾಗದು. ಶಿಫಾರಸಾದ ಮೊತ್ತವನ್ನು ಕಡಿತ ಮಾಡಬಹುದು, ತಿರಸ್ಕರಿಸಬಹುದು, ಆದರೆ ಹೆಚ್ಚಿಸುವಂತಿಲ್ಲ. ಇಷ್ಟು ಬಿಗಿಯಾದ ಬಾಗಿಲನ್ನು ಕಾಯುವವರು ಯಾರೆಂಬುದು ಊರಿಗೆಲ್ಲ ತಿಳಿಯುವಂತೆ ತೀರ್ಮಾನವಾಗಬೇಕು. ಹಾಲಿ ಸದಸ್ಯರು ಮುಂದುವರಿಯಲು ಸಿದ್ಧರಿದ್ದರೂ ಸ್ಥಾನವನ್ನು ಪ್ರಕಟಿಸಿ ಅರ್ಜಿ ಕರೆಯುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ನಿಮಗೆ ಅವಮಾನವಲ್ಲ. ಎರಡನೆಯ ಅವಧಿಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ, ಏಕೆಂದರೆ ಮೊದಲ ವರ್ಷವೆಲ್ಲ ನಿಯಮ ಕಲಿಯುವುದರಲ್ಲೇ ಕಳೆದುಹೋಗುತ್ತದೆ. ಮೂರನೆಯದಕ್ಕೆ ಗಟ್ಟಿಯಾದ ಕಾರಣ ಬೇಕು.

ಹಾಗಾಗಿ ಪತ್ರ ಬರೆಯಿರಿ. ‘ಸೇವೆ ಮುಂದುವರಿಸಲು ಇಚ್ಛಿಸುತ್ತೇನೆ’ ಎಂಬ ಒಂದೇ ಸಾಲು ಸಾಲದು. ಎಷ್ಟು ಸಭೆಗಳಿಗೆ ಹಾಜರಾದಿರಿ, ಯಾವ ಅರ್ಜಿಯನ್ನು ಏಕೆ ವಿರೋಧಿಸಿದಿರಿ ಎಂಬುದನ್ನು ತಿಳಿಸಿ. ಆ ಅಟ್ಟದ ತೊಲೆಯ ಸಂಗತಿಯನ್ನು ಖಂಡಿತ ಬರೆಯಿರಿ. ಕೊಳೆತ ತೊಲೆಯನ್ನು ಬದಲಿಸುವ ಜೀರ್ಣೋದ್ಧಾರಕ್ಕೆ ಈ ನಿಧಿ ಒದಗುತ್ತದೆ, ನಿತ್ಯದ ನಿರ್ವಹಣೆಗೆ ಒದಗುವುದಿಲ್ಲ. ಆ ಗೆರೆಯನ್ನು ಸ್ಥಳಕ್ಕೆ ಹೋಗಿ ಗುರುತಿಸಬಲ್ಲ ಸದಸ್ಯರು ಊರಿಗೆ ಬೇಕು. ನೀವು ನಿಧಿ ಕೇಳುವ ಯಾವುದಾದರೂ ಸಂಸ್ಥೆಯ ಆಡಳಿತ ಮಂಡಳಿಯಲ್ಲಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ, ಏಕೆಂದರೆ ರಾಜ್ಯದ ಹಿತಾಸಕ್ತಿ ಸಂಘರ್ಷ ಕಾನೂನು ಸಂಬಳವಿಲ್ಲದವರಿಗೂ ಅನ್ವಯಿಸುತ್ತದೆ, ಆ ಸಂಸ್ಥೆಗೆ ಹಣಕಾಸಿನ ಹಿತಾಸಕ್ತಿಯಿರುವ ಅರ್ಜಿಯ ಚರ್ಚೆಯಿಂದ ನೀವು ಹೊರಗುಳಿಯಬೇಕಾಗುತ್ತದೆ.

ಮರುನೇಮಕವಾದ ಮೇಲೆ ಟೌನ್ ಕ್ಲರ್ಕ್ ಎದುರು ಹೊಸ ಅವಧಿಗೆ ಮತ್ತೆ ಪ್ರಮಾಣವಚನ ಸ್ವೀಕರಿಸಿ; ಎರಡು ವರ್ಷಕ್ಕೊಮ್ಮೆ ಮಾಡಬೇಕಾದ ಹಿತಾಸಕ್ತಿ ಸಂಘರ್ಷದ ಆನ್‌ಲೈನ್ ತರಬೇತಿ ಬಾಕಿಯಿದ್ದರೆ ಆಗಲೇ ಮುಗಿಸಿಬಿಡಿ. ಒಂದು ವೇಳೆ ಬೇರೆಯವರ ನೇಮಕವಾದರೆ, ಜೂನ್ 30ರೊಳಗೆ ಪುರಭವನದ ಕಡತವನ್ನೂ ನಿಮ್ಮ ಟಿಪ್ಪಣಿಗಳನ್ನೂ ಅವರ ಕೈಗೆ ಕೊಟ್ಟು, ಸಾಧ್ಯವಾದರೆ ಅವರನ್ನು ಒಮ್ಮೆ ಆ ಅಟ್ಟಕ್ಕೆ ಕರೆದೊಯ್ದು ತೊಲೆಯನ್ನು ತೋರಿಸಿ.