ಲೊರೆಟೊ ದ್ವೀಪಗಳಿಗೆ ಕಯಾಕ್, ಗಾಳ, ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವಿಬ್ಬರು ಗೆಳೆಯರು ಸ್ಯಾನ್ ಡಿಯಾಗೊದಲ್ಲಿ ಎಚ್-1ಬಿ ಮೇಲಿದ್ದೇವೆ. ಏಪ್ರಿಲ್ ಕೊನೆಯಲ್ಲಿ ಕಯಾಕ್‌ಗಳನ್ನು ಕಾರಿನ ಮೇಲೆ ಕಟ್ಟಿಕೊಂಡು ಮೆಕ್ಸಿಕೋದ ಲೊರೆಟೊಗೆ ಹೋಗಿ, ದ್ವೀಪಗಳಲ್ಲಿ ಐದು ದಿನ ಗಾಳ ಹಾಕುವ ಆಸೆ. ಭಾರತದ ಪಾಸ್‌ಪೋರ್ಟ್‌ಗೆ ಮೆಕ್ಸಿಕೋ ವೀಸಾ ಬೇಕೇ? ಇನ್ನೇನು ಕಾಗದಪತ್ರ ಬೇಕು?

ಉತ್ತರ: ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಸ್ಟಾಂಪಿನ ಅವಧಿ ಮುಗಿದಿರದಿದ್ದರೆ ಮೆಕ್ಸಿಕೋ ವೀಸಾ ಬೇಡ. ಎಡವಟ್ಟಾಗುವುದು ಸ್ಟಾಂಪಿನ ಅವಧಿ ಮುಗಿದು ಕೈಯಲ್ಲಿ ಬರೀ ಎಚ್-1ಬಿ ಮಂಜೂರಾತಿ ಪತ್ರ ಐ-797 ಇದ್ದಾಗ. ಮೂವತ್ತು ದಿನದೊಳಗೆ ಮರಳುವವರಿಗೆ ಅಮೆರಿಕ ಕೊಡುವ ವಿನಾಯಿತಿ ಬರುವ ದಾರಿಗೆ ಮಾತ್ರ. ಹೋಗುವ ದಾರಿಯಲ್ಲಿ ಮೆಕ್ಸಿಕೋ ಅಧಿಕಾರಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಿಹುವಾನಾ ಗಡಿಯಲ್ಲಿ ನಿಮ್ಮ ಕಾರನ್ನು ಯಾರೂ ತಡೆಯದೇ ಇರಬಹುದು. ಆದರೂ ನೀವಾಗಿಯೇ ನಿಲ್ಲಿಸಿ, ವಲಸೆ ಕಚೇರಿಗೆ ಹೋಗಿ ಪ್ರವಾಸಿ ಪ್ರವೇಶದ ಮುದ್ರೆ ಹಾಕಿಸಿಕೊಳ್ಳಿ.

ಮೀನುಗಾರಿಕೆ ಪರವಾನಗಿಯನ್ನು ಕೊನಾಪೆಸ್ಕಾ ಎಂಬ ಸರ್ಕಾರಿ ಇಲಾಖೆ ಕೊಡುತ್ತದೆ. ದಿನ, ವಾರ, ತಿಂಗಳು, ವರ್ಷದ ಲೆಕ್ಕದಲ್ಲಿ ಸಿಗುತ್ತದೆ. ಇಬ್ಬರಿಗೂ ಬೇರೆ ಬೇರೆ ಬೇಕು. ದಡದಲ್ಲಿ ನಿಂತು ಗಾಳ ಹಾಕುವವರಿಗೆ ಪರವಾನಗಿ ಬೇಡ, ಆದರೆ ಕಯಾಕ್ ದೋಣಿಯೇ. ಈ ದ್ವೀಪಗಳು 1996ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನದ ಭಾಗ. ಹಾಗಾಗಿ ದಿನದ ಪ್ರವೇಶ ಶುಲ್ಕವಿದೆ. ಡೇರೆ ಹಾಕುವ ಅನುಮತಿಯನ್ನೂ, ಗಾಳ ಹಾಕಬಾರದ ವಲಯಗಳ ನಕ್ಷೆಯನ್ನೂ ಊರಿನಲ್ಲಿರುವ ಉದ್ಯಾನದ ಕಚೇರಿಯಲ್ಲೇ ಕೇಳಿ ಪಡೆಯಿರಿ. ಕಾರಿಗೆ ಅಮೆರಿಕದ ವಿಮೆ ಅಲ್ಲಿ ನಡೆಯುವುದಿಲ್ಲ, ಮೆಕ್ಸಿಕೋದ್ದನ್ನೇ ಕೊಳ್ಳಬೇಕು. ದಾರಿ ಸುಮಾರು 1,100 ಕಿ.ಮೀ.; ಎಲ್ ರೊಸಾರಿಯೊದಲ್ಲಿ ಟ್ಯಾಂಕ್ ತುಂಬಿಸಿ, ಮುಂದೆ ಸುಮಾರು 300 ಕಿ.ಮೀ.ವರೆಗೆ ಬಂಕ್ ಸಿಗುತ್ತದೆಂದು ನಂಬುವಂತಿಲ್ಲ. ಕತ್ತಲಾದ ಮೇಲೆ ಓಡಿಸಬೇಡಿ: ರಸ್ತೆ ಕಿರಿದು, ಬದಿಯಲ್ಲಿ ಇಳಿಸಲು ಜಾಗವಿಲ್ಲ, ದನಗಳು ಡಾಂಬರಿನ ಮೇಲೇ ನಿಂತಿರುತ್ತವೆ.

ಪ್ರಶ್ನೆ: ಲೊರೆಟೊ ಊರಿನಿಂದಲೇ ಹುಟ್ಟು ಹಾಕಿಕೊಂಡು ಕೊರೊನಾಡೋಸ್ ದ್ವೀಪಕ್ಕೆ ಹೋಗುವ ಯೋಚನೆ. ಎಷ್ಟು ನೀರು ಹೊರಬೇಕು?

ಉತ್ತರ: ಮೊದಲು ನೀರಿನ ಲೆಕ್ಕ ಹಾಕಿ, ಆಮೇಲೆ ಆ ಯೋಚನೆ ಇಟ್ಟುಕೊಳ್ಳಬೇಕೋ ಬಿಡಬೇಕೋ ನೋಡೋಣ. ದ್ವೀಪಗಳಲ್ಲಿ ಸಿಹಿನೀರಿಲ್ಲ. ಒಬ್ಬರಿಗೆ ದಿನಕ್ಕೆ ಕುಡಿಯಲು 4 ಲೀಟರ್, ಅಡುಗೆಗೆ 1 ಲೀಟರ್. ಇಬ್ಬರಿಗೆ ಐದು ದಿನಕ್ಕೆ 50 ಲೀಟರ್, ಗಾಳಿಗೆ ಸಿಕ್ಕಿಕೊಂಡರೆ ಇರಲೆಂದು ಇನ್ನೊಂದು ದಿನದ್ದು ಸೇರಿಸಿದರೆ 60. ಅಂದರೆ ಒಂದೊಂದು ಕಯಾಕಿಗೆ 30 ಕೆ.ಜಿ. ಕಯಾಕಿನ ಸಾಮರ್ಥ್ಯ 180 ಕೆ.ಜಿ. ಎಂದು ಬರೆದಿದ್ದರೂ ನೂರಕ್ಕೆ ಎಪ್ಪತ್ತರಷ್ಟಕ್ಕೇ ನಿಲ್ಲಿಸಬೇಕು. ಅದಕ್ಕಿಂತ ತುಂಬಿದರೆ ಅಲೆ ಮೇಲೇರಿ ಬರುತ್ತದೆ, ತಿರುಗಿಸುವುದೂ ಕಷ್ಟ. ನಿಮ್ಮ ಮೈತೂಕ 75 ಎಂದುಕೊಂಡರೆ, ಆ 126ರಲ್ಲಿ ಅದನ್ನೂ ನೀರಿನ 30ನ್ನೂ ಕಳೆದು ಉಳಿದದ್ದು 21. ಡೇರೆ, ಊಟ, ಐಸ್, ಗಾಳದ ಸಾಮಾನು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಮುಗಿಯುವುದಿಲ್ಲ.

ಆದ್ದರಿಂದ ಪಾಂಗಾ ಹಿಡಿಯಿರಿ. ಅಲ್ಲಿನ ಬೆಸ್ತರ ಫೈಬರ್ ದೋಣಿಗೆ ಆ ಹೆಸರು. ಕಯಾಕ್, ನೀರು, ಡೇರೆ ಎಲ್ಲವನ್ನೂ ದ್ವೀಪದಲ್ಲಿಳಿಸಿ, ಗೊತ್ತುಮಾಡಿದ ದಿನ ಬಂದು ಒಯ್ಯುತ್ತಾರೆ. ಊರಿನಿಂದ ಕೊರೊನಾಡೋಸ್ ಸುಮಾರು 11 ಕಿ.ಮೀ., ತುಂಬಿದ ಕಯಾಕಿನಲ್ಲಿ ಎರಡು ಗಂಟೆಗೂ ಹೆಚ್ಚು. ಎದುರುಗಾಳಿ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಬೀಸಿದರೆ ಅದೇ ದಾರಿ ಅರ್ಧ ದಿನ ತಿನ್ನುತ್ತದೆ. ಹುಟ್ಟು ಹಾಕಿಯೇ ಹೋಗಬೇಕೆಂಬ ಹಟವಿದ್ದರೆ ಲೊರೆಟೊದ ದಕ್ಷಿಣಕ್ಕಿರುವ ಪುಯೆರ್ಟೊ ಎಸ್ಕೊಂಡಿಡೊ ಬಂದರಿನಿಂದ ಡಾನ್ಸಾಂಟೆ ದ್ವೀಪಕ್ಕೆ ಹೋಗಿ, ಅಲ್ಲಿ ದಾಟುವ ದೂರ ಸುಮಾರು 3 ಕಿ.ಮೀ. ಮಾತ್ರ.

ಚಳಿಗಾಲದಲ್ಲಿ ಬೀಸುವ ಉತ್ತರದ ಗಾಳಿ, ಅಲ್ಲಿಯವರ ಬಾಯಲ್ಲಿ ನೋರ್ಟೆ, ಹಿಡಿದರೆ ಎರಡು ಮೂರು ದಿನ ಬಿಡುವುದಿಲ್ಲ. ಏಪ್ರಿಲ್ ಕೊನೆಗೆ ಅದರ ಕಾಟ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕ್ಯಾಲಿಫೋರ್ನಿಯಾ ಕೊಲ್ಲಿಯ ಉದ್ದಕ್ಕೂ ಬೀಸುವುದರಿಂದ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಬರುತ್ತವೆ. ಬೆಳಕು ಹರಿಯುವಾಗ ನೀರಿಗಿಳಿದು ಹನ್ನೊಂದರೊಳಗೆ ದಡ ಸೇರಿ. ಉತ್ತರ ದಿಗಂತದಲ್ಲಿ ಬಿಳಿ ನೊರೆ ಕಂಡರೆ ಕೈಯಲ್ಲಿ ಮೀನಿದ್ದರೂ ತಿರುಗಿ.

ನೀರನ್ನು 20 ಲೀಟರಿನ ಒಂದೇ ಕ್ಯಾನಿನಲ್ಲಿ ತುಂಬಬೇಡಿ, 5 ಲೀಟರಿನ ಹಲವು ಕ್ಯಾನುಗಳಿರಲಿ. ಒಂದು ಸೋರಿದರೆ ಉಳಿದವು ಇರುತ್ತವೆ. ಮುಚ್ಚಳ ಒದ್ದೆಯಾಗಿದ್ದರೆ ಬಾಯಾರಿದ ಜೇನುಹುಳುಗಳು ಮುತ್ತಿಕೊಳ್ಳುತ್ತವೆ. ರಾತ್ರಿ ಇಲಿಗಳು ಊಟದ ವಾಸನೆಗೆ ಚೀಲ ಕಡಿಯುತ್ತವೆ, ತಿನಿಸೆಲ್ಲ ಗಟ್ಟಿ ಡಬ್ಬಿಯಲ್ಲಿರಲಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಯಾವ ಮೀನು? ದೊಡ್ಡದು ಕಚ್ಚಿದರೆ ಕಯಾಕ್ ಮಗುಚುವುದಿಲ್ಲವೇ?

ಉತ್ತರ: ಆಗ ಮುಖ್ಯವಾಗಿ ಹುರೆಲ್, ಅಂದರೆ ಯೆಲ್ಲೊಟೇಲ್. ಬಂಡೆಯ ಸಂದಿಗಳಲ್ಲಿ ನಮ್ಮ ಕರಾವಳಿಯ ಮುರು ಮೀನಿನ ಬಳಗದ ಕಬ್ರಿಯಾ ಸಿಗುತ್ತದೆ. ಡೊರಾಡೊ ಬರುವುದು ಬೇಸಿಗೆ ಬಲಿತ ಮೇಲೆ. 50 ಪೌಂಡ್ ಎಳೆತ ತಡೆಯುವ ಹೆಣೆದ ದಾರ, ತುದಿಗೆ 40 ಪೌಂಡ್ ತಡೆಯುವ ಫ್ಲೋರೋಕಾರ್ಬನ್ ಎಂಬ ಪಾರದರ್ಶಕ ದಾರ, 100ರಿಂದ 150 ಗ್ರಾಂ ತೂಕದ ಜಿಗ್ (ಗಾಳವಿರುವ ಲೋಹದ ತುಂಡು) ಸಾಕು. 30ರಿಂದ 60 ಮೀಟರ್ ಆಳದ ಬಂಡೆಗಳ ಮೇಲೆ ಜಿಗ್ ತಳ ಮುಟ್ಟಲಿ, ಹತ್ತು ಹದಿನೈದು ಸುತ್ತು ಬಿರುಸಾಗಿ ಎಳೆದು ಮತ್ತೆ ಬಿಡಿ.

ಕಚ್ಚಿದ ಹುರೆಲ್ ನೇರ ಬಂಡೆಗೆ ನುಗ್ಗುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ ದಾರ ಸಡಿಲ ಬಿಟ್ಟವರ ದಾರ ಬಂಡೆಗೆ ಉಜ್ಜಿ ತುಂಡಾಗುತ್ತದೆ. ಹಾಗೆಂದು ಪಕ್ಕಕ್ಕೆ ವಾಲಿ ಜಗ್ಗಿದರೆ ಮಗುಚುವುದು ಆಗಲೇ. ರಾಡ್ ಕಯಾಕಿನ ಮೂತಿಯ ಕಡೆಗೇ ಇರಲಿ. ಮೀನು ಕಯಾಕನ್ನೇ ಎಳೆದುಕೊಂಡು ಹೋಗುತ್ತಾ ತಾನೇ ದಣಿಯುತ್ತದೆ. ಲಂಗರು ಹಾಕಿಕೊಂಡಿದ್ದರೆ ಈ ಅನುಕೂಲವಿಲ್ಲ, ಸೆಳೆತವಿರುವಲ್ಲಿ ಪಕ್ಕದಿಂದ ಕಟ್ಟಿದ ಲಂಗರೇ ಕಯಾಕನ್ನು ಉರುಳಿಸುತ್ತದೆ. ತೇಲುತ್ತಲೇ ಹಿಡಿಯಿರಿ. ಜಾಕೆಟ್ ಎದೆಯ ಮೇಲೆ ಕೈಗೆಟಕುವ ಚಾಕು ಇರಲಿ, ದಾರ ಕಾಲಿಗೆ ಸುತ್ತಿಕೊಂಡಾಗ ಕೊಯ್ಯಲು. ವಿಎಚ್‌ಎಫ್ ರೇಡಿಯೊವನ್ನು (ನೆರವು ಕರೆಯುವ ದೋಣಿ ರೇಡಿಯೊ) ಚೀಲದಲ್ಲಿಡದೆ ಮೈಗೆ ಕಟ್ಟಿಕೊಳ್ಳಿ: ಮಗುಚಿದ ಕಯಾಕ್ ಗಾಳಿಗೆ ನಿಮಗಿಂತ ಬೇಗ ದೂರ ಸರಿಯುತ್ತದೆ.

ಪ್ರಶ್ನೆ: ಎಷ್ಟು ಮೀನು ಇಟ್ಟುಕೊಳ್ಳಬಹುದು?

ಉತ್ತರ: ಒಬ್ಬರಿಗೆ ದಿನಕ್ಕೆ 10, ಅದರಲ್ಲಿ ಒಂದೇ ಜಾತಿಯವು 5ಕ್ಕಿಂತ ಹೆಚ್ಚಿರಬಾರದು. ಡೊರಾಡೊ, ರೂಸ್ಟರ್ ಮೀನು ತಲಾ ಎರಡೇ. ಅವುಗಳಲ್ಲಿ ಒಂದು ಜಾತಿಯ ಎರಡು ಮೀನು ಬೇರೆ ಜಾತಿಯ ಐದಕ್ಕೆ ಸಮ. ನೀರಿನಲ್ಲಿ ಒಬ್ಬರಿಗೆ ಒಂದೇ ಗಾಳ. ಚಿಪ್ಪು, ಸಿಗಡಿಗೆ ಕೈ ಹಾಕುವಂತಿಲ್ಲ, ತೊತೊಆಬಾ ಎಂಬ ಸಂರಕ್ಷಿತ ಮೀನು ಸಿಕ್ಕರೆ ತಕ್ಷಣ ಬಿಡಬೇಕು. ಇಬ್ಬರ ಊಟಕ್ಕೆ ದಿನಕ್ಕೊಂದು ಹುರೆಲ್ ಬೇಕಾದಷ್ಟಾಯಿತು, ಅದಕ್ಕಿಂತ ಹೆಚ್ಚು ಮೀನಿಗೆ ದ್ವೀಪದಲ್ಲಿ ಐಸ್ ಉಳಿದಿರುವುದಿಲ್ಲ. ಮೇಲೆ ಎಳೆದೊಡನೆ ಕಿವಿರು ಕೊಯ್ದು ರಕ್ತ ಇಳಿಸಿ, ನೆರಳಿಗೆ ಹಾಕಿ.